ಸೋತ ಕೈಗೆ ಕೆಲಸ ಕಲಿಸುವವರು

ನಮ್ಮ ಕಡೆಯ ಊರುಗಳಲ್ಲಿ ಫಿಜಿಯೋಥೆರಪಿ ಎಂದರೆ 'ಕರೆಂಟ್ ಕೊಡಿಸುವುದು' ಎಂದೇ ಜನರ ತಿಳಿವಳಿಕೆ. ಮೊಣಕಾಲು ನೋವಿನವರು, ಸೊಂಟ ಹಿಡಿದವರು, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡವರು 'ಹತ್ತು ದಿವಸ ಕರೆಂಟ್ ಕೊಡಿಸಿಕೊಂಡು ಬಂದೆವು' ಎಂದು ಹೇಳುವುದನ್ನು ಬಂಧುಗಳೆಲ್ಲರೂ ಕೇಳಿರಬಹುದು. ಇನ್ನು ಕೆಲವರು ಈ ವೃತ್ತಿಯವರನ್ನು ಎಣ್ಣೆ ತಿಕ್ಕುವವರ ಸಾಲಿಗೆ ಸೇರಿಸಿಬಿಡುತ್ತಾರೆ. ಭೌತಚಿಕಿತ್ಸೆ ಎಂಬ ಹೆಸರು ನಮ್ಮ ಪುಸ್ತಕಗಳಲ್ಲಿ ಇದೆಯಾದರೂ ಅದಿನ್ನೂ ಜನರ ಬಾಯಿಗೆ ಬಂದಿಲ್ಲ. ಹೆಸರು ಯಾವುದಾದರೂ ಇರಲಿ, ಆ ಕಾಯಕದವರು ದಿನವೂ ಮಾಡುವುದೇನು ಎಂಬುದನ್ನು 2019ರ ಡಿಸೆಂಬರಿನಿಂದ ಈಚೆಗೆ ನಮ್ಮ ಮನೆಯಲ್ಲಿಯೇ ಕಾಣುವ ಸಂದರ್ಭ ನಮಗೆ ಒದಗಿತು. ಇಂಥ ಕಷ್ಟ ಯಾವ ಮನೆಗೂ ಹೇಳಿ ಬರುವುದಿಲ್ಲವಾದ್ದರಿಂದ ಕಂಡದ್ದನ್ನು ಬರೆದಿಡುವುದು ಲೇಸೆಂದು ತೋರಿತು.

ಆಗ ನಮ್ಮ ತಂದೆಯವರಿಗೆ 71 ವರ್ಷ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ನಸುಕಿನಲ್ಲಿ ಎದ್ದು ಮಿಂದು ಪೂಜೆಗೆ ಕೂಡುವುದು ಅವರ ಐವತ್ತು ವರ್ಷಗಳ ರೂಢಿ. ಆ ದಿನ ಹಾಸಿಗೆಯಿಂದ ಏಳಹೋದವರು ಎಡಕ್ಕೆ ವಾಲಿ ಬಿದ್ದರು. ಮಾತು ತೊದಲುತ್ತಿತ್ತು, ಬಾಯಿ ಒಂದು ಬದಿಗೆ ಎಳೆದಿತ್ತು, ಎಡಗೈ ಎಡಗಾಲು ಎರಡೂ ಮರದ ಕೊರಡಿನಂತಾಗಿದ್ದವು. ಮೆದುಳಿನ ಬಲಭಾಗದ ರಕ್ತನಾಳವೊಂದರಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬಲ ಮೆದುಳು ಎಡ ಮೈಯನ್ನೂ ಎಡ ಮೆದುಳು ಬಲ ಮೈಯನ್ನೂ ಆಳುತ್ತದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಬಡಿದ ಪಾರ್ಶ್ವವಾಯುವಿಗೆ ಗಡಿಯಾರ ಇರುವುದಿಲ್ಲ. ಆದ್ದರಿಂದ ಆ ಮದ್ದಿನ ದಾರಿ ಮುಚ್ಚಿತು. ಜೀವಕ್ಕೆ ಅಪಾಯವಿಲ್ಲವೆಂದರು, ಕೈಕಾಲಿನ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

ಎರಡನೆಯ ದಿನ ಮುಂಜಾನೆ ಇಪ್ಪತ್ತೇಳೆಂಟರ ಹರೆಯದ ಹೆಣ್ಣುಮಗಳೊಬ್ಬಳು ವಾರ್ಡಿಗೆ ಬಂದಳು. ಅವಳ ಕೈಯಲ್ಲಿ ಯಂತ್ರವೂ ಇರಲಿಲ್ಲ, ಎಣ್ಣೆಯ ಸೀಸೆಯೂ ಇರಲಿಲ್ಲ. ಮೊದಲು ರಕ್ತದೊತ್ತಡದ ಚೀಟಿ ನೋಡಿದಳು. ಬಳಿಕ ನಾಲ್ಕು ತಲೆದಿಂಬು ತರಿಸಿ, ಸೋತ ಹೆಗಲಿನ ಕೆಳಗೆ ಒಂದು, ಮೊಳಕೈಯಿಂದ ಬೆರಳವರೆಗೆ ಒಂದು, ಸೊಂಟದ ಬದಿಗೆ ಒಂದು, ಹೀಗೆ ಹೊಂದಿಸಿ ಇಟ್ಟಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದೂ, ಇಲ್ಲವಾದರೆ ಬೆನ್ನಿನ ಕೆಳಗೆ ಹಾಸಿಗೆಹುಣ್ಣು ಬೀಳುವುದೆಂದೂ ತಿಳಿಸಿದಳು. ಅಂದು ಅವಳು ಮಾಡಿದ್ದು ಅಷ್ಟೇ. ನೋಡಲು ಬಂದಿದ್ದ ಬಂಧುಗಳೊಬ್ಬರು 'ದಿಂಬು ಇಡಾಕ ಇಷ್ಟು ಓದಬೇಕೇನು?' ಎಂದು ನಕ್ಕರು. ಈ ಪ್ರಶ್ನೆಗೆ ಉತ್ತರ ಮುಂದಿನ ವಾರಗಳಲ್ಲಿ ತಾನಾಗಿಯೇ ದೊರೆಯಿತು.

ನಮ್ಮ ಹೆಗಲ ಕೀಲಿನ ರಚನೆಯನ್ನು ಅವಳು ನಮ್ಮ ತಾಯಿಯವರಿಗೆ ಅಡುಗೆಮನೆಯ ಭಾಷೆಯಲ್ಲಿ ವಿವರಿಸಿದ ರೀತಿ ನೆನಪಿದೆ. ಸಣ್ಣ ತಾಟಿನ ಅಂಚಿಗೆ ದೊಡ್ಡ ಚೆಂಡನ್ನು ಆನಿಸಿಟ್ಟಂತೆ ಅದರ ಕಟ್ಟಡ. ಅಷ್ಟು ಆಳವಿಲ್ಲದ ಕೀಲಾದ್ದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಸುತ್ತಲ ಸ್ನಾಯುಗಳ ಬಿಗಿಯೇ ಅದನ್ನು ಸ್ಥಳದಲ್ಲಿ ಹಿಡಿದಿರುತ್ತದೆ. ಪಾರ್ಶ್ವವಾಯುವಿನ ಆರಂಭದಲ್ಲಿ ಆ ಸ್ನಾಯುಗಳು ಸಡಿಲವಾದಾಗ ಕೈಯ ಭಾರವೇ ಚೆಂಡನ್ನು ಕೆಳಕ್ಕೆ ಜಗ್ಗುತ್ತದೆ, ಹೆಗಲಿನ ತುದಿಯಲ್ಲಿ ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ಇಂಥ ಹೊತ್ತಿನಲ್ಲಿ ರೋಗಿಯನ್ನು ಎಬ್ಬಿಸಲು ಯಾರಾದರೂ ಆ ಕೈಯನ್ನೇ ಹಿಡಿದು ಎಳೆದರೆ ತಿಂಗಳುಗಟ್ಟಲೆ ಹೋಗದ ನೋವು ಅಂಟಿಕೊಳ್ಳುತ್ತದೆ. ನಮ್ಮವರ ಪ್ರೀತಿಯೆಲ್ಲ ಕೈಹಿಡಿದು ಎಬ್ಬಿಸುವುದರಲ್ಲಿಯೇ ಇದೆಯಲ್ಲವೇ! ಆ ಹುಡುಗಿ ಒಂದು ಕಾಗದದ ಮೇಲೆ 'ಎಡಗೈ ಎಳೆಯಬೇಡಿ' ಎಂದು ದಪ್ಪಕ್ಷರಗಳಲ್ಲಿ ಬರೆದು ಮಂಚದ ತಲೆಗಡೆ ಅಂಟಿಸಿದಳು. ಬಂದ ನೆಂಟರೆಲ್ಲ ಅದನ್ನು ಓದಿ ಹಿಂದೆ ಸರಿದರು.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಂಗೆಡಿಸಿತು. ತಂದೆಯವರು ಊಟಕ್ಕೆ ಕುಳಿತರೆ ತಾಟಿನ ಬಲಗಡೆಯದಷ್ಟನ್ನೇ ಉಂಡು ಏಳುವರು. ಎಡಗಡೆ ಬಡಿಸಿದ ಬದನೆಕಾಯಿ ಪಲ್ಯ ಹಾಗೆಯೇ ಉಳಿಯುವುದು. 'ಪಲ್ಯ ಹಾಕಲಿಲ್ಲ' ಎಂದು ತಾಯಿಯವರ ಮೇಲೆ ಸಿಡುಕುವರು. ಗಡ್ಡ ಮಾಡಿಕೊಂಡರೆ ಬಲಗೆನ್ನೆ ಮಾತ್ರ. ಬುದ್ಧಿಗೆ ಏನೋ ಆಯಿತೆಂದು ಮನೆಯಲ್ಲಿ ಅಳು ಹತ್ತಿತು. ಬಲ ಮೆದುಳಿಗೆ ಪೆಟ್ಟು ಬಿದ್ದ ಅನೇಕರಲ್ಲಿ ಕಣ್ಣು ಸರಿಯಿದ್ದರೂ ಮನಸ್ಸು ಎಡಗಡೆಯ ಜಗತ್ತನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಆ ಹುಡುಗಿ ಸಮಾಧಾನ ಹೇಳಿದಳು. ಅದಕ್ಕೆ ಅವಳು ಹೇಳಿದ ಉಪಾಯದಲ್ಲಿ ಖರ್ಚಿನ ಮಾತೇ ಇರಲಿಲ್ಲ. ನೀರಿನ ತಂಬಿಗೆ, ಕನ್ನಡಕ, ದಿನಪತ್ರಿಕೆ ಎಲ್ಲವೂ ಎಡಕ್ಕೆ ಬಂದವು. ಬಂದವರು ಕೂಡುವ ಕುರ್ಚಿಯೂ ಎಡಕ್ಕೆ ಸರಿಯಿತು. ತಂದೆಯವರಿಗೆ ಹರಟೆ ಬೇಕಾದರೆ ಕುತ್ತಿಗೆಯನ್ನು ಎಡಕ್ಕೆ ಹೊರಳಿಸಲೇಬೇಕು. ಮಾತುಗಾರರಾದ ಅವರು ಆರು ವಾರಗಳಲ್ಲಿ ಹೊರಳಿಸಿದರು.

ಒಂಬತ್ತನೆಯ ದಿನ ಆಸ್ಪತ್ರೆಯಿಂದ ಬಿಡುಗಡೆಯಾಯಿತು. ಬಿಡುಗಡೆಯ ಕಾಗದದಲ್ಲಿ ಏಳು ಬಗೆಯ ಗುಳಿಗೆಗಳ ಹೆಸರಿದ್ದವು. ವ್ಯಾಯಾಮದ ವಿಷಯವಾಗಿ ಒಂದು ಸಾಲೂ ಇರಲಿಲ್ಲ. ಆ ಹೆಣ್ಣುಮಗಳೇ ತನ್ನ ದೂರವಾಣಿ ಸಂಖ್ಯೆ ಕೊಟ್ಟು ಮನೆಗೆ ಬರುವೆನೆಂದು ಒಪ್ಪಿಕೊಳ್ಳದಿದ್ದರೆ ನಮ್ಮ ಕಥೆ ಬೇರೆಯಾಗುತ್ತಿತ್ತು. ಒಂದು ಸಲಕ್ಕೆ 400 ರೂಪಾಯಿ. ಪಿಂಚಣಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಅದೇ ವಾರ ಹಿತೈಷಿಗಳೊಬ್ಬರು ಪಾರಿವಾಳದ ರಕ್ತ ಹಚ್ಚಿಸುವ ಹಳ್ಳಿಯೊಂದರ ವಿಳಾಸವನ್ನೂ ತಂದರು. ತಾಯಿಯವರು ಅವರಿಗೆ ಚಹಾ ಕೊಟ್ಟು, ಕೈಮುಗಿದು ಕಳುಹಿಸಿದರು.

ಮನೆಗೆ ಬಂದ ಮೊದಲ ದಿನ ಅವಳು ರೋಗಿಯ ಬಳಿಗೆ ಹೋಗುವ ಮುನ್ನ ಇಡೀ ಮನೆಯನ್ನು ತಿರುಗಿ ನೋಡಿದಳು. ನಮ್ಮದು ಹಳೆಯ ಕಾಲದ ಮನೆ, ಹೊಸ್ತಿಲುಗಳು ಗೇಣೆತ್ತರ. ಜಮಖಾನೆಯ ಮಡಿಕೆ, ಬಚ್ಚಲಿನ ಪಾಚಿ, ಪಡಸಾಲೆಯ ಎರಡು ಮೆಟ್ಟಿಲು ಎಲ್ಲವನ್ನೂ ಗುರುತು ಹಾಕಿಕೊಂಡಳು. ಜಮಖಾನೆಯನ್ನು ಸುತ್ತಿಡಿಸಿದಳು. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಕೂಡಲು ಕುರ್ಚಿಯಂಥ ಶೌಚದ ವ್ಯವಸ್ಥೆ ಮಾಡಿಸಿದಳು. ಮಂಚದ ಎತ್ತರ ಅಳೆದು ಕಾಲುಗಳ ಕೆಳಗೆ ಹಲಗೆ ಇಡಿಸಿದಳು. ಬೀಳದಂತೆ ನೋಡಿಕೊಳ್ಳುವುದು ಈ ಚಿಕಿತ್ಸೆಯ ಅರ್ಧ ಕೆಲಸ. ಒಮ್ಮೆ ಬಿದ್ದು ತೊಡೆಯ ಎಲುಬು ಮುರಿದರೆ ಗಳಿಸಿದ್ದೆಲ್ಲ ನೀರುಪಾಲು.

ಕುಳಿತಲ್ಲಿಂದ ಏಳುವುದು ಎಷ್ಟು ಜಟಿಲವಾದ ವಿದ್ಯೆ ಎಂಬುದನ್ನು ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು, ಎದೆಯನ್ನು ಮುಂದಕ್ಕೆ ಬಾಗಿಸಬೇಕು, ಮೂಗು ಕಾಲ್ಬೆರಳುಗಳ ನೇರಕ್ಕೆ ಬಂದ ಮೇಲೆಯೇ ಪೃಷ್ಠವನ್ನು ಎತ್ತಬೇಕು. ಸೋತ ಕಾಲಿನ ಮೇಲೂ ಭಾರ ಹಾಕಬೇಕು. ರೋಗಿ ಹೆದರಿ ಗಟ್ಟಿಯಾದ ಕಾಲನ್ನೇ ನೆಚ್ಚುತ್ತಾನೆ. ನೆಚ್ಚಿದಷ್ಟೂ ಇನ್ನೊಂದು ಕಾಲು ತನ್ನ ಕೆಲಸವನ್ನು ಮರೆಯುತ್ತದೆ. ಅವಳು ಅಂಗೈಯಿಂದ ತಂದೆಯವರ ಎಡ ಮೊಣಕಾಲನ್ನು ಒತ್ತಿ ಹಿಡಿದು, 'ಅಜ್ಜಾರ, ಈ ಕಾಲೂ ನಿಮ್ದ ಐತ್ರಿ, ಅದಕ್ಕೂ ಒಂದೀಟು ಭಾರ ಹೊರಸ್ರಿ' ಎನ್ನುವಳು. ದಿನಕ್ಕೆ ಹತ್ತರಂತೆ ಆರಂಭವಾಗಿ ಐವತ್ತರವರೆಗೆ ಏರಿತು. ಕಲಿಸುವವರಾಗಿ ಮೂವತ್ತಾರು ವರ್ಷ ಕಳೆದ ತಂದೆಯವರು ಕಲಿಯುವವರಾದಾಗ ಒಳ್ಳೆಯ ವಿದ್ಯಾರ್ಥಿ ಏನೂ ಆಗಿರಲಿಲ್ಲವೆಂದು ಇಲ್ಲಿ ಹೇಳಲೇಬೇಕು. ಕೋಪಿಸಿಕೊಳ್ಳುವರು, ನೆಪ ಹೇಳುವರು, ಅವಳ ಬೈಕಿನ ಸಪ್ಪಳ ಕೇಳಿದೊಡನೆ ಕಣ್ಣುಮುಚ್ಚಿ ನಿದ್ದೆ ಬಂದಂತೆ ಮಲಗುವರು.

ಇಷ್ಟೊಂದು ಸಲ ಅದನ್ನೇ ಏಕೆ ಮಾಡಿಸಬೇಕು? ಸತ್ತ ಮೆದುಳಿನ ಕಣಗಳು ಮತ್ತೆ ಹುಟ್ಟಿ ಬರುವುದಿಲ್ಲ. ಆದರೆ ಉಳಿದ ಕಣಗಳು ಹೊಸ ಜೋಡಣೆಗಳನ್ನು ಮಾಡಿಕೊಂಡು ಕಳೆದುಹೋದ ಕೆಲಸದಲ್ಲಿ ಒಂದಷ್ಟನ್ನು ವಹಿಸಿಕೊಳ್ಳಬಲ್ಲವು. ಹೊಲದಲ್ಲಿ ಹಳೆಯ ದಾರಿ ಕೊಚ್ಚಿಹೋದರೆ ಜನ ತುಳಿದು ತುಳಿದು ಬೇರೊಂದು ಕಾಲುದಾರಿ ಬೀಳುವಂತೆ ಇದು. ಹತ್ತು ಸಲ ತುಳಿದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ನೂರಾರು ಸಲ ತುಳಿಯಬೇಕು. ಅದೂ ಬರಿಯ ಕೈಕಾಲು ಆಡಿಸಿದರೆ ಸಾಲದು, ರೋಗಿಗೆ ಬೇಕೆನಿಸಿದ ಒಂದು ಕೆಲಸದ ಅಂಗವಾಗಿ ಆ ಚಲನೆ ನಡೆಯಬೇಕು. ಬೇರೆಯವರು ಕೈಯನ್ನು ಹಿಡಿದು ಆಡಿಸಿದರೆ ಕೀಲು ಸೆಟೆಯದೆ ಉಳಿಯುತ್ತದೆ, ಅಷ್ಟು ಪ್ರಯೋಜನ ಉಂಟು. ಮೆದುಳು ಕಲಿಯಬೇಕಾದರೆ ರೋಗಿಯೇ ಯತ್ನಿಸಬೇಕು. ಚೇತರಿಕೆಯ ಬಹುಪಾಲು ಮೊದಲ ಮೂರರಿಂದ ಆರು ತಿಂಗಳುಗಳಲ್ಲಿ ಆಗುತ್ತದೆ. ಆಮೇಲೆಯೂ ಆಗುವುದುಂಟು, ಆದರೆ ನಿಧಾನ.

ಕಾಲು ಬೇಗನೆ ಹಾದಿಗೆ ಬಂತು. ಪಾದದ ಮುಂಭಾಗ ಜೋತುಬಿದ್ದು ಬೆರಳು ನೆಲಕ್ಕೆ ತಾಗುತ್ತಿದ್ದುದರಿಂದ ತಂದೆಯವರು ಕಾಲನ್ನು ಕುಡಗೋಲು ಬೀಸಿದಂತೆ ಹೊರಗಿನಿಂದ ಸುತ್ತಿಸಿ ಇಡುತ್ತಿದ್ದರು. ಹಿಮ್ಮಡಿಯಿಂದ ಮೀನಖಂಡದವರೆಗೆ ಬರುವ ಹಗುರವಾದ ಪ್ಲಾಸ್ಟಿಕ್ಕಿನ ಅಚ್ಚೊಂದನ್ನು ಮಾಡಿಸಿ ಬೂಟಿನೊಳಗೆ ತೊಡಿಸಿದ ಮೇಲೆ ಆ ತೊಡಕು ಕಡಿಮೆಯಾಯಿತು. ಕೋಲು ಯಾವ ಕೈಯಲ್ಲಿರಬೇಕು ಎಂಬುದು ಎಷ್ಟೋ ಜನರಿಗೆ ತಿಳಿಯದು. ಸೋತ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಬೇಕು. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಫೆಬ್ರುವರಿಯ ಕೊನೆಗೆ ತಂದೆಯವರು ಪಡಸಾಲೆಯಿಂದ ಕಟ್ಟೆಯವರೆಗೆ ಒಬ್ಬರೇ ನಡೆದರು.

ಕೈಯ ಮಾತು ಹಾಗಲ್ಲ. ಒಂದು ದಿನ ಅವಳು ತಂದೆಯವರ ಎದುರು ಕುಳಿತು, 'ಅಜ್ಜಾರ, ಈ ಕೈಲಿ ನಿಮಗ ಏನ್ ಮಾಡಬೇಕಂತ ಆಸೆ ಐತ್ರಿ?' ಎಂದು ಕೇಳಿದಳು. ಚಿಕಿತ್ಸೆಗೆ ಒಂದು ಗುರಿ ಗೊತ್ತುಮಾಡಿಕೊಳ್ಳುವುದು ಅವರ ಶಾಸ್ತ್ರದ ಪದ್ಧತಿ. ನಾವು ಅಂಗಿಯ ಗುಂಡಿ, ಚಹಾದ ಬಟ್ಟಲು ಎಂದು ಏನೇನೋ ಸೂಚಿಸಿದೆವು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ಬಲ ಅಂಗೈಯನ್ನು ಮೇಲ್ಮುಖವಾಗಿ ತೆರೆದು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದರು. ಕಣ್ಣಲ್ಲಿ ನೀರು ಬಂತು. ಅವಳಿಗೆ ಅರ್ಥವಾಗಲಿಲ್ಲ; ತಾಯಿಯವರು ವಿವರಿಸಿದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು ನಮ್ಮ ಮನೆತನಗಳ ನಿತ್ಯವಿಧಿಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಶ್ವವಾಯು ಬಡಿದ ದಿನದಿಂದ ತಾಯಿಯವರು ತಮ್ಮ ಕೈಯನ್ನು ಅವರ ಕೈಯ ಕೆಳಗೆ ಆಸರೆಯಾಗಿ ಹಿಡಿದು ಪೂಜೆ ನಡೆಸಿಕೊಡುತ್ತಿದ್ದರು. ಮುಷ್ಟಿ ಬಿಡಿಸಿದರೂ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬಲಗೈಯಲ್ಲಿ ಹಿಡಿಯಬಹುದಲ್ಲ ಎಂದು ಹಿರಿಯರೊಬ್ಬರು ಹೇಳಿದಾಗ ತಂದೆಯವರು, 'ಆ ಕೈಯ ಕೆಲಸ ತಪ್ಪಿಸಬ್ಯಾಡ್ರಿ' ಎಂದಷ್ಟೇ ಉತ್ತರಿಸಿದ್ದರು.

ಆ ಹುಡುಗಿ ನಮ್ಮ ಸಮಾಜದವಳಲ್ಲ. ಆದರೂ ಆ ಭಂಗಿಯನ್ನು ತಾನೇ ಎರಡು ಮೂರು ಸಲ ಹಿಡಿದು ನೋಡಿದಳು. ಬಡಿದ ಕೈ ಸೆಟೆಯತೊಡಗಿದಾಗ ತಾನಾಗಿ ತಾಳುವ ಆಕಾರ ಒಂದಿದೆ: ತೋಳು ಮೈಗೆ ಒತ್ತಿಕೊಳ್ಳುತ್ತದೆ, ಮೊಳಕೈ ಮಡಚುತ್ತದೆ, ಅಂಗೈ ನೆಲ ನೋಡುತ್ತದೆ, ಮಣಿಕಟ್ಟು ಬಾಗಿ ಬೆರಳುಗಳು ಹೆಬ್ಬೆರಳನ್ನು ಒಳಗಿಟ್ಟುಕೊಂಡು ಮುಷ್ಟಿಯಾಗುತ್ತವೆ. ಪೂಜೆಯ ಕೈ ಬಹುಮಟ್ಟಿಗೆ ಇದಕ್ಕೆ ವಿರುದ್ಧ: ಅಂಗೈ ಆಕಾಶ ನೋಡಬೇಕು, ಮಣಿಕಟ್ಟು ನೆಟ್ಟಗಿರಬೇಕು, ಬೆರಳುಗಳು ತೆರೆದಿರಬೇಕು, ಕೈ ಅಲುಗದೆ ಕೆಲ ನಿಮಿಷ ನಿಲ್ಲಬೇಕು. 'ಇದು ದೊಡ್ಡ ಕೆಲಸ ಐತ್ರಿ, ಆಗೇ ಆಗ್ತದ ಅಂತ ನಾ ಮಾತು ಕೊಡಂಗಿಲ್ಲ, ಹಚ್ಚಿಕೊಳ್ಳೋಣು' ಎಂದಳು. ಮಾತು ಕೊಡದ ಆ ಪ್ರಾಮಾಣಿಕತೆಯೇ ತಂದೆಯವರಿಗೆ ಹಿಡಿಸಿತೆಂದು ನಮ್ಮ ಊಹೆ. ಅಂದಿನಿಂದ ಬೈಕಿನ ಸಪ್ಪಳಕ್ಕೆ ಅವರು ಮಲಗುವುದನ್ನು ಬಿಟ್ಟರು.

ದೊಡ್ಡ ನಗರಗಳಲ್ಲಿ ಕೈಯ ಕೆಲಸಕ್ಕೆಂದೇ ಆಕ್ಯುಪೇಶನಲ್ ಥೆರಪಿಯವರು ಪ್ರತ್ಯೇಕವಾಗಿ ಇರುತ್ತಾರೆ. ನಮ್ಮಂಥ ಊರಿನಲ್ಲಿ ಎರಡನ್ನೂ ಒಬ್ಬರೇ ತೂಗಿಸಬೇಕು. ಅವಳು ಮೊದಲು ಮೇಜಿನ ಮೇಲೆ ಮೊಳಕೈ ಊರಿಸಿ, ಅಂಗೈಯನ್ನು ಮೇಲಕ್ಕೆ ತಿರುಗಿಸುವುದೊಂದನ್ನೇ ಮಾಡಿಸಿದಳು. ಸೆಟೆತವನ್ನು ಬಲವಂತದಿಂದ ಬಿಡಿಸಬಾರದು. ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ ಬೆರಳು ತಾವೇ ಸಡಿಲಾಗುತ್ತವೆ, ಆಮೇಲೆ ನಿಧಾನವಾಗಿ ಹಿಗ್ಗಿಸಬೇಕು. ಮೇಜಿನ ಮಧ್ಯೆ ಕನ್ನಡಿ ನಿಲ್ಲಿಸಿ, ಎಡಗೈಯನ್ನು ಕನ್ನಡಿಯ ಹಿಂದೆ ಮರೆಮಾಡಿ, ಬಲಗೈಯ ಬಿಂಬವನ್ನೇ ನೋಡುತ್ತ ಎರಡೂ ಕೈ ತೆರೆಯಲು ಹೇಳುವಳು. ನೋಡುವವರ ಕಣ್ಣಿಗೆ ಎಡಗೈಯೇ ತೆರೆದಂತೆ ಕಾಣುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಎಂಬ ವಿಜ್ಞಾನಿ 1990ರ ದಶಕದಲ್ಲಿ, ಕತ್ತರಿಸಿ ತೆಗೆದ ಕೈಯಲ್ಲಿ ನೋವೆನ್ನುವವರಿಗಾಗಿ ಹೂಡಿದ ಉಪಾಯ ಇದು; 1999ರಲ್ಲಿ ಅದನ್ನು ಪಾರ್ಶ್ವವಾಯುವಿನ ರೋಗಿಗಳಲ್ಲಿಯೂ ಪರೀಕ್ಷಿಸಿದರು. ತಂದೆಯವರು ಮೊದಲ ದಿನ 'ಇದು ಗಾರುಡಿಗರ ಆಟ' ಎಂದರು. ನಾಲ್ಕನೆಯ ದಿನ ಕನ್ನಡಿ ಎಲ್ಲಿ ಎಂದು ತಾವೇ ಕೇಳಿದರು.

ಗಟ್ಟಿ ಕೈಯನ್ನು ಕಟ್ಟಿಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಇನ್ನೊಂದು ವಿಧಾನವುಂಟು. ಅಮೆರಿಕದ ಎಡ್ವರ್ಡ್ ಟೌಬ್ ಎಂಬವರ ಸಂಶೋಧನೆಗಳಿಂದ ಬಂದದ್ದು. 222 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2006ರಲ್ಲಿ ಪ್ರಕಟವಾಗಿ ಅದರ ಪ್ರಯೋಜನವನ್ನು ತೋರಿಸಿತು. ಆದರೆ ಮಣಿಕಟ್ಟು, ಬೆರಳುಗಳಲ್ಲಿ ತುಸುವಾದರೂ ಚಲನೆ ಮರಳಿದ್ದವರಿಗೆ ಮಾತ್ರ ಅದು ಹೊಂದುತ್ತದೆ. ತಂದೆಯವರಿಗೆ ಆ ಹಂತ ಮುಟ್ಟಲು ಮಾರ್ಚಿಯ ಮೂರನೆಯ ವಾರವಾಯಿತು. ಅಷ್ಟರಲ್ಲಿ 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು.

ಮೂರು ತಿಂಗಳು ಕಳೆದು ನಾಲ್ಕನೆಯದು ನಡೆಯುತ್ತಿದ್ದ ಕಾಲ. ಕೈ ಕಲಿಯಬಹುದಾದ ದಿನಗಳು ಒಂದೊಂದಾಗಿ ಸರಿದುಹೋಗುತ್ತಿವೆ, ಕಲಿಸುವವಳು ಬರುವಂತಿಲ್ಲ. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅವಳೇ ಮೊಮ್ಮಗನ ಮೊಬೈಲಿಗೆ ವಿಡಿಯೋ ಕರೆ ಮಾಡಿದಳು. ಅಂದಿನಿಂದ ಸುಮಾರು ಎರಡು ತಿಂಗಳು ಚಿಕಿತ್ಸೆ ಆ ಸಣ್ಣ ಗಾಜಿನೊಳಗಿನಿಂದ ನಡೆಯಿತು. ಮೊಮ್ಮಗ ಮೊಬೈಲು ಹಿಡಿದು ನಿಲ್ಲುವನು, ನಾವು ಅವಳ ಕೈಗಳಾದೆವು. 'ಕಾಕಾರ, ಹೆಬ್ಬೆರಳಿನ ಬುಡದಾಗ ಹಿಡೀರಿ, ತುದಿ ಬ್ಯಾಡ್ರಿ' ಎಂದು ಅಲ್ಲಿಂದಲೇ ತಿದ್ದುವಳು. ನೆಟ್‌ವರ್ಕ್ ಕಡಿದಾಗ ಗೋಡೆಗೆ ಅಂಟಿಸಿದ ಪಟ್ಟಿಯೇ ಗತಿ. ಆ ಎರಡು ತಿಂಗಳಿಗೆ ಅವಳು ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. ಮನೆಗೆ ಮತ್ತೆ ಬರತೊಡಗಿದ ಮೇಲೆ ತಾಯಿಯವರು ಒಂದು ಇಳಕಲ್ ಸೀರೆಯನ್ನು ಅವಳ ಮಡಿಲಿಗೆ ಹಾಕಿದರು.

ಲಿಂಗ ಜಾರೀತೆಂಬ ಅಂಜಿಕೆ ತಂದೆಯವರಿಗೆ ಬಹಳವಿತ್ತು. ಅದನ್ನು ಅಭ್ಯಾಸದ ವಸ್ತುವಾಗಿ ಮುಟ್ಟುವ ಮಾತನ್ನು ಆ ಹುಡುಗಿಯೂ ಎತ್ತಲಿಲ್ಲ. ಅಂಗೈಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಅಭ್ಯಾಸ ಮಾಡಿಸಿದಳು. ಮೊದಲು ಐದು ಎಣಿಸುವವರೆಗೆ, ಆಮೇಲೆ ಇಪ್ಪತ್ತು, ಅರುವತ್ತು. ಎಷ್ಟು ನಿಂಬೆಹಣ್ಣು ಮಂಚದ ಕೆಳಗೆ ಉರುಳಿದವೋ ಲೆಕ್ಕವಿಲ್ಲ, ಉಪ್ಪಿನಕಾಯಿಗೇನೂ ಕೊರತೆಯಾಗಲಿಲ್ಲ. 2020ರ ಶ್ರಾವಣದಲ್ಲಿ ಒಂದು ಮುಂಜಾನೆ, ಮೊಳಕೈಯ ಕೆಳಗೆ ದಿಂಬು, ಎಡಗೈಯ ಕೆಳಗೆ ತಮ್ಮದೇ ಬಲಗೈ ಆಸರೆ ಇಟ್ಟುಕೊಂಡು ತಂದೆಯವರು ಪೂಜೆಗೆ ಕುಳಿತರು. ನೆಲದ ಮೇಲೆ ಅಲ್ಲ, ಕುರ್ಚಿಯ ಮೇಲೆ. ಕಿರುಬೆರಳು, ಉಂಗುರಬೆರಳು ಅರ್ಧ ಬಾಗಿಯೇ ಇದ್ದವು, ಇಂದಿಗೂ ಹಾಗೆಯೇ ಇವೆ. ಅಂಗೈ ಮಾತ್ರ ತೆರೆದಿತ್ತು. ತಾಯಿಯವರು ಬಾಗಿಲ ಹತ್ತಿರ ನಿಂತಿದ್ದರು, ಒಳಗೆ ಬರಲಿಲ್ಲ. ಅಂಗಿಯ ಗುಂಡಿಯನ್ನು ಈಗಲೂ ಅವರೇ ಹಾಕಿಕೊಡಬೇಕು.

ಈ ವೃತ್ತಿಯ ಬೇರು ಎಲ್ಲಿಯದೆಂದು ಆ ಬಳಿಕ ಕುತೂಹಲದಿಂದ ಒಂದಷ್ಟು ಓದಿದೆವು. ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬವರು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ತೆರೆದರು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಸೇರಿ ಕಟ್ಟಿದ ಸಂಘವೇ ಮುಂದೆ ಬ್ರಿಟನ್ನಿನ ಫಿಜಿಯೋಥೆರಪಿಸ್ಟರ ಅಧಿಕೃತ ಸಂಸ್ಥೆಯಾಯಿತು. ಆದರೆ ಈ ವಿದ್ಯೆಯನ್ನು ನಿಜವಾಗಿ ಬೆಳೆಸಿದ್ದು ಮಹಾಯುದ್ಧಗಳ ಗಾಯಾಳುಗಳು ಮತ್ತು ಪೋಲಿಯೋ ಪೀಡಿತ ಮಕ್ಕಳು. ನಮ್ಮ ದೇಶದಲ್ಲಿ 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆಯಲು ಪೋಲಿಯೋ ಹಾವಳಿಯೇ ಕಾರಣ. ಕಬ್ಬಿಣದ ಪಟ್ಟಿಯ ಬೂಟು ತೊಟ್ಟು ಶಾಲೆಗೆ ಬರುತ್ತಿದ್ದ ಒಬ್ಬಿಬ್ಬರು ಸಹಪಾಠಿಗಳು ನಮ್ಮ ಓರಗೆಯವರೆಲ್ಲರ ನೆನಪಿನಲ್ಲಿಯೂ ಇರುತ್ತಾರೆ. 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡ ಪ್ರಕರಣವೇ ಕಡೆಯದಾಗಿ, 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಪಡೆಯಿತು.

ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರನ್ನೂ ಇಲ್ಲಿ ನೆನೆಯಬೇಕು. ಅವರು ವೈದ್ಯರು, ಫಿಜಿಯೋಥೆರಪಿಸ್ಟರಲ್ಲ. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ಅಮೆರಿಕದಲ್ಲಿ ಪುನರ್ವಸತಿ ವೈದ್ಯಶಾಸ್ತ್ರವನ್ನು ಕಲಿತು ಬಂದರು. ವೆಲ್ಲೂರಿನಲ್ಲಿ 1966ರಲ್ಲಿ ಪುನರ್ವಸತಿ ಕೇಂದ್ರ ತೆರೆದದ್ದು ಅವರ ಶ್ರಮದಿಂದ.

ಪಾರ್ಶ್ವವಾಯು ಈ ವೃತ್ತಿಯವರ ಕೆಲಸದ ಒಂದು ಭಾಗ ಮಾತ್ರ. ಹೃದಯದ ಶಸ್ತ್ರಚಿಕಿತ್ಸೆಯಾದವರಿಗೆ ಮೂರು ಚೆಂಡಿನ ಸಣ್ಣ ಸಾಧನವನ್ನು ಕೊಟ್ಟು ಉಸಿರೆಳೆಯಿಸಿ, ಎದೆಗೆ ದಿಂಬು ಒತ್ತಿ ಕೆಮ್ಮಿಸಿ, ಶ್ವಾಸಕೋಶದಲ್ಲಿ ಕಫ ಕಟ್ಟದಂತೆ ನೋಡಿಕೊಳ್ಳುವವರು ಇವರೇ. ಕೊರೋನಾದ ದಿನಗಳಲ್ಲಿ ತೀವ್ರ ನಿಗಾ ಘಟಕಗಳಲ್ಲಿ ದುಡಿದವರಲ್ಲಿ ಇವರೂ ಇದ್ದರು. ಮೊಣಕಾಲಿನ ಕೀಲು ಬದಲಿಸಿದವರನ್ನು ಮರುದಿನವೇ, ಕೆಲವೊಮ್ಮೆ ಅದೇ ದಿನ, ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ ಹೆಗಲು ಹಿಡಿತಕ್ಕೆ ತಿಂಗಳುಗಟ್ಟಲೆ ತಾಳ್ಮೆಯಿಂದ ಚಲನೆ ಕೊಡುತ್ತಾರೆ. ಮಗ್ಗುಲಾದರೆ ಮನೆಯೇ ಸುತ್ತಿದಂತಾಗುವ ಒಂದು ಬಗೆಯ ತಲೆತಿರುಕು ಒಳಗಿವಿಯ ಸಣ್ಣ ಹರಳುಗಳು ಸ್ಥಳ ತಪ್ಪುವುದರಿಂದ ಬರುತ್ತದೆ. ತಲೆಯನ್ನು ಕ್ರಮವಾಗಿ ನಾಲ್ಕಾರು ಭಂಗಿಗಳಿಗೆ ತಿರುಗಿಸಿಯೇ ಅದನ್ನು ನಿಲ್ಲಿಸುವುದನ್ನು ನಮ್ಮ ಅತ್ತಿಗೆಯವರಲ್ಲಿ ಕಂಡೆವು. ಹೆರಿಗೆಯ ನಂತರ ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ತೊಂದರೆಯನ್ನು ನಮ್ಮ ಹೆಣ್ಣುಮಕ್ಕಳು ಯಾರಿಗೂ ಹೇಳದೆ ಸಹಿಸುತ್ತಾರೆ. ಅದಕ್ಕೂ ಇವರಲ್ಲಿ ಸರಿಯಾದ ವ್ಯಾಯಾಮಗಳುಂಟು. ತಾಯಂದಿರು ಸಂಕೋಚ ಬಿಟ್ಟು ಕೇಳಬೇಕು.

ಇನ್ನು ಕರೆಂಟಿನ ಮಾತು. ಯಂತ್ರಗಳು ನಿರುಪಯುಕ್ತವೆಂದು ನಾವು ಹೇಳುತ್ತಿಲ್ಲ. ನೋವನ್ನು ಸ್ವಲ್ಪ ಕಾಲ ತಗ್ಗಿಸಿ ವ್ಯಾಯಾಮಕ್ಕೆ ಅನುವು ಮಾಡಿಕೊಡುವವು ಇವೆ. ಜೋತುಬಿದ್ದ ಪಾದವನ್ನು ಎತ್ತುವ ಸ್ನಾಯುವಿಗೆ ನಡೆಯುವಾಗಲೇ ವಿದ್ಯುತ್ ಸ್ಪಂದನ ಕೊಡುವ ಸಾಧನಗಳಿಂದ ಕೆಲವರಿಗೆ ಉಪಕಾರವೂ ಆಗುತ್ತದೆ. ಆದರೆ ತಾಯಿಯವರ ಮೊಣಕಾಲು ನೋವಿಗೆಂದು ಹಿಂದೊಮ್ಮೆ ಹೋದ ಚಿಕಿತ್ಸಾಲಯವೊಂದರಲ್ಲಿ ಸಹಾಯಕನೊಬ್ಬ ತಂತಿ ಅಂಟಿಸಿ ಹೋದವನು ಇಪ್ಪತ್ತು ನಿಮಿಷಗಳ ನಂತರ ಬಿಚ್ಚಲು ಬಂದ. ಹತ್ತು ದಿನವೂ ಹೀಗೆಯೇ ನಡೆಯಿತು. ಮೊಣಕಾಲನ್ನು ಯಾರೂ ಮಡಚಿ ನೋಡಲಿಲ್ಲ, ಒಂದು ವ್ಯಾಯಾಮವನ್ನೂ ಕಲಿಸಲಿಲ್ಲ. ಬಂಧುಗಳು ಕೇಳಬೇಕಾದದ್ದು ಇಷ್ಟೇ: ಮೊದಲ ದಿನ ನಿಮ್ಮನ್ನು ನಡೆಸಿ, ಕೂಡಿಸಿ, ಕೀಲು ಮುಟ್ಟಿ ಪರೀಕ್ಷಿಸಿದರೇ? ಮನೆಯಲ್ಲಿ ಮಾಡಬೇಕಾದದ್ದನ್ನು ಕಲಿಸಿದರೇ? ಇದು ನಾಲ್ಕು ವರ್ಷಕ್ಕೂ ಮೀರಿದ ಪದವಿ ಶಿಕ್ಷಣ. ಈ ವೃತ್ತಿಯವರ ನೋಂದಣಿಗಾಗಿ 2021ರಲ್ಲಿ ಕೇಂದ್ರದ ಕಾಯಿದೆಯೂ ಬಂದಿದೆ. ಫಲಕ ಹಾಕಿದವರೆಲ್ಲ ಓದಿದವರಲ್ಲ. ಪದವಿ ಯಾವುದೆಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ತಾಯಿಯವರ ಮೊಣಕಾಲನ್ನು ಕೊನೆಗೆ ನೋಡಿದವಳೂ ಆ ಹುಡುಗಿಯೇ. ತಂದೆಯವರಿಗೆ ವ್ಯಾಯಾಮ ಮಾಡಿಸಿ ಹೊರಟವಳು ಒಂದು ದಿನ, 'ಅಮ್ಮಾರ, ನೀವು ಏಳುವಾಗ ಗ್ವಾಡಿ ಹಿಡೀತೀರಿ, ಯಾಕ್ರಿ?' ಎಂದು ಕೇಳಿ ಬ್ಯಾಗನ್ನು ಮತ್ತೆ ಕೆಳಗಿಟ್ಟಳು. ತೊಡೆಯ ಮುಂಭಾಗದ ಸ್ನಾಯು ಸೋತಷ್ಟೂ ಸವೆದ ಮೊಣಕಾಲಿಗೆ ನೋವು ಹೆಚ್ಚು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕುಳಿತಲ್ಲಿ ಕಾಲು ನೀಡಿ ಹತ್ತು ಎಣಿಸುವುದು, ಇಷ್ಟನ್ನೇ ಹೇಳಿಕೊಟ್ಟಳು. ಈಗ ಮದುವೆಯಾಗಿ ಅವಳು ಬೇರೆ ಊರಿನಲ್ಲಿದ್ದಾಳೆ. ಹಬ್ಬಕ್ಕೊಮ್ಮೆ ಕರೆ ಮಾಡಿ ಇಬ್ಬರ ಲೆಕ್ಕವನ್ನೂ ಕೇಳುತ್ತಾಳೆ. ತಾಯಿಯವರು ಸಂಜೆ ದೀಪ ಹಚ್ಚುವ ಮೊದಲು ಆ ಹತ್ತನ್ನು ಮುಗಿಸುತ್ತಾರೆ. ಎಣಿಸುವವರು ತಂದೆಯವರು. ಏಳರ ನಂತರ ಎಂಟನ್ನು ಅವರು ಕೆಲವೊಮ್ಮೆ ಎರಡು ಸಲ ಎಣಿಸುವುದುಂಟು, ಅದಕ್ಕೆ ಇಬ್ಬರಿಗೂ ಜಗಳ.